ಉಸಿರಿನ ಗೀಟುಗಳು

ಜ್ಯೇಷ್ಠಮಧುವಿನ ಕಷಾಯವನ್ನು ಶಿವಲೀಲಾ ಬಚ್ಚಲಿಗೆ ಉಗುಳಿ ಬಾಯಿ ತೊಳೆದುಕೊಂಡಳು. ನಾಲಿಗೆಯ ಮೇಲೆ ಆ ಹಾಳು ಸಿಹಿ ಹಾಗೇ ಉಳಿಯಿತು. ಹದಿನಾಲ್ಕು ತಿಂಗಳಿಂದ ಇದೇ ಸಿಹಿ. ಇದರ ಜೊತೆಗೆ ಅರಿಸಿನದ ಹಾಲು, ಜೇನಿನಲ್ಲಿ ಕಲಸಿದ ಶುಂಠಿ. ಗಂಗಾವತಿಯ ಸಂತೆಯಲ್ಲಿ ಯಾರು ಸಿಕ್ಕರೂ ಅವಳ ಗಂಟಲಿಗೊಂದು ಔಷಧ ಹೇಳದೆ ಬಿಡುತ್ತಿರಲಿಲ್ಲ.

"ಉಗುಳಿದೇನು?" ಒಳಗಿನಿಂದ ಅವ್ವ ಮುದುಕಮ್ಮ ಕೇಳಿದಳು.

"ಕುಡದೆ."

"ಸುಳ್ಳು ಹೇಳಾಕರ ದನಿ ಉಳದೈತಲ್ಲ, ಪುಣ್ಯಾ."

ದನಿ ಉಳಿದಿತ್ತು, ಮಾತಿಗೆ ಸಾಲುವಷ್ಟು. ಆರ್ಕೆಸ್ಟ್ರಾದಲ್ಲಿ ಹದಿನೆಂಟು ವರ್ಷ ಹಾಡಿದ ಗಂಟಲಲ್ಲಿ ಗಂಟು ಬೆಳೆದಿತ್ತು. ಹುಬ್ಬಳ್ಳಿಯಲ್ಲಿ ಅದನ್ನು ತೆಗೆದ ಡಾಕ್ಟರು ಇನ್ನು ಹಾಡುವುದು ಬೇಡ ಎಂದಿದ್ದರು. ಈಗ ಅವಳ ಮಾತು ಒಣಗಿದ ಜೋಳದ ದಂಟನ್ನು ನೆಲದ ಮೇಲೆ ಎಳೆದ ಹಾಗೆ ಕೇಳುತ್ತಿತ್ತು. ಜನ ಹಳೆಯ ಕಾರ್ಯಕ್ರಮಗಳ ವಿಡಿಯೋಗಳನ್ನು ಮೊಬೈಲಿಗೆ ಕಳಿಸುತ್ತಿದ್ದರು, ಕೆಳಗೆ ಕೈ ಮುಗಿದ ಚಿತ್ರ ಹಾಕಿ. ಕಾರಟಗಿಯ ಒಂದು ಮದುವೆಯಲ್ಲಿ ವೇದಿಕೆಗೆ ಕರೆದು ಕುರ್ಚಿಯ ಮೇಲೆ ಕೂರಿಸಿ ಶಾಲು ಹೊದಿಸಿದ್ದರು. ಶಾಲಿಗೆ ನುಸಿಗುಳಿಗೆಯ ವಾಸನೆ. ಸತ್ತವರ ಬಗ್ಗೆ ಮಾತಾಡುವ ದನಿಯಲ್ಲಿ ನಿರೂಪಕ ಅವಳ ಬಗ್ಗೆ ಮಾತಾಡಿದ್ದ. ಬರುವಾಗ ಅವಳು ಶಾಲನ್ನು ಆ ಕುರ್ಚಿಯ ಮೇಲೆಯೇ ಬಿಟ್ಟು ಬಂದಿದ್ದಳು.

ಅದನ್ನು ಗಮನಿಸಿದವನು ರಫೀಕ ಒಬ್ಬನೇ. ಹನ್ನೆರಡು ವರ್ಷ ಅವಳ ಹಿಂದೆ ಕುಳಿತು ಡ್ರಮ್ ನುಡಿಸಿದವನು. ಮರುವಾರ ನಾಲ್ಕು ದಪ್ಪ ತಂತಿಯ, ತಗ್ಗು ದನಿಯ ಒಂದು ಬೇಸ್ ಗಿಟಾರ್ ತಂದು ಅವಳ ಮಂಚದ ಮೇಲೆ ಇಟ್ಟು ಚಹಾ ಕುಡಿದು ಹೋಗಿದ್ದ. ಸಾಣಾಪುರದ ಕೆರೆಯ ಹತ್ತಿರ ಅಂದಪ್ಪನ ಗೆಸ್ಟ್‌ಹೌಸಿನಲ್ಲಿ ಯಾರೋ ಬಿಟ್ಟುಹೋಗಿದ್ದದ್ದು. ಅಲ್ಲಿ ರಫೀಕ, ಗಿಟಾರ್ ನುಡಿಸುತ್ತ ಹಾಡುವ ಐಶ್ವರ್ಯ ಎಂಬ ಹುಡುಗಿ, ಇಬ್ಬರೂ ಸೇರಿ ಸ್ಕಾ ಎಂಬ ಜಮೈಕಾದ ಸಂಗೀತ ನುಡಿಸಲು ಹೊರಟಿದ್ದರು. ಬೇಸಿಗೆ ಯಾರೂ ಇರಲಿಲ್ಲ.

ಆ ಸಂಗೀತವನ್ನು ಮೊದಲ ಸಲ ಕೇಳಿದಾಗ ಶಿವಲೀಲಾಳಿಗೆ ಸಹಿಸಲಾಗಲಿಲ್ಲ.

"ಆ ಹುಡುಗಿ ಪ್ರತಿ ಸಲಾ ತಡಾ ಮಾಡಿ ಬರ್ತಾಳಲ್ಲೋ. ಬಿಕ್ಕಳಿಕಿ ಹತ್ತಿದಂಗ ಐತಿ."

"ತಡಾ ಅಲ್ರೀ ಅಕ್ಕಾರ. ಎಣಿಕಿ ನಡುವಿನ ಸಂದ್ಯಾಗ ಹೊಡಿತಾಳ. ಎಣಿಕಿ ಮ್ಯಾಲೆ ನಡಿಯೋರು ನೀವು. ಒಂದು, ಎರಡು, ಮೂರು, ನಾಕು. ನೀವು ನಡದ್ರ ಆಕಿ ಜಿಗೀತಾಳ. ನೀವು ನಿಂತ್ರ ಆಕಿ ಬೀಳ್ತಾಳ."

ಅವಳು ಹಾಡಿನ ಹಳೆಯ ನೋಟುಬುಕ್ಕಿನ ಕೊನೆಯ ಹಾಳೆಗಳಲ್ಲಿ ಬೇಸಿನ ಸಾಲು ಬರೆಯತೊಡಗಿದಳು. ಮೊದಲ ತಿಂಗಳು ಬರೆದದ್ದೆಲ್ಲ ಹಾಡೇ ಆಗುತ್ತಿತ್ತು. ತೂಗಾಟ, ಎಳೆದಾಟ, ಚಪ್ಪಾಳೆ ಬೇಡುವ ತಿರುವುಗಳು. ಮರುದಿನ ನುಡಿಸಿ ನೋಡಿದರೆ ತನ್ನದೇ ವಿಡಿಯೋ ನೋಡಿದಷ್ಟು ಹೇಸಿಗೆ. ಹರಿದು ಒಲೆಗೆ ಹಾಕುತ್ತಿದ್ದಳು. ನಿಧಾನವಾಗಿ ತಿಳಿಯಿತು. ಗಿಟಾರಿನ ಒಂದೊಂದು ಹಿಡಿತಕ್ಕೆ ಬೇಸಿನ ನಾಲ್ಕು ಸ್ವರ, ನಾಲ್ಕು ಹೆಜ್ಜೆ. ನಾಲ್ಕನೆಯ ಹೆಜ್ಜೆ ಮುಂದಿನ ಹಿಡಿತದ ಹೊಸ್ತಿಲಲ್ಲಿ ಇರಬೇಕು. ಸ ಗ ಪ ಗ, ಅಲ್ಲಿಂದ ಮ ದ ಸ ದ, ಅಲ್ಲಿಂದ ಪ ನಿ ರಿ ನಿ, ಮತ್ತೆ ಸ. ಬೆರಳ ತುದಿಯಲ್ಲಿ ಬೊಕ್ಕೆ ಎದ್ದು, ಒಡೆದು, ಮತ್ತೆ ಎದ್ದವು.

ಬರೆದದ್ದು ಸರಿಯಾಗಿಯೇ ಇತ್ತು. ಆದರೆ ಮೂವರೂ ಕೂಡಿ ನುಡಿಸಿದರೆ ಪ್ರತಿ ಸುತ್ತಿನ ಕೊನೆಗೆ ಮುಗ್ಗರಿಸುತ್ತಿದ್ದರು. ರಫೀಕ ನೋಟುಬುಕ್ಕು ತೆಗೆದು ನೋಡಿದ.

"ಇದೇನ್ರೀ, ಸಾಲಿನ ತುದಿಗೆ ಒಂದೊಂದು ಅಡ್ಡಗೀಟು?"

"ಉಸಿರು ತೊಗೊಳ್ಳೋ ಜಾಗ."

ರಫೀಕ ಒಂದು ಗೀಟಿನ ಮೇಲೆ ಬೆರಳಿಟ್ಟ. "ಬೆರಳಿಗೆ ಯಾತರ ಉಸಿರ್ರೀ ಅಕ್ಕಾರ?"

ಹದಿನೆಂಟು ವರ್ಷದ ರೂಢಿಯಲ್ಲಿ ಗೀಟು ಎಳೆದಿದ್ದಳು. ಅವಳು ಉಸಿರು ಎಳೆದುಕೊಂಡಾಗಲೆಲ್ಲ ಕೈಯೂ ಅಲ್ಲೇ ನಿಲ್ಲುತ್ತಿತ್ತು. ಬ್ಲೇಡಿನಿಂದ ಗೀಟುಗಳನ್ನು ಕೆರೆದಳು. ಕೈ ಮಾತ್ರ ನಿಲ್ಲುತ್ತಲೇ ಇತ್ತು.

ಅಂದಪ್ಪ ಒಂದು ದಿನ ತಾಲೀಮು ನೋಡಿ ಬೆನ್ನು ತಟ್ಟಿದ. ಕೆಟ್ಟವನಲ್ಲ. "ಭಾನುವಾರ ಕಾರ್ಯಕ್ರಮ ಇಟ್ಟೀನಿ. ಛಲೋ ಆತಂದ್ರ ವಾರಾ ವಾರಾ ನುಡಿಸ್ರಿ. ಹಿಂಗ ನಡುವ ತೂತು ಬಿದ್ರ ಬೇಸ್ ಕಂಪ್ಯೂಟರಿಂದ ಹಚ್ಚೋಣು. ಅಕ್ಕಾರಿಗೇನ್ ಬೇಜಾರಿಲ್ಲ, ಮುಂದ ಕುರ್ಚಿ ಹಾಕಿ ಸನ್ಮಾನ ಮಾಡೋಣು."

ಶಿವಲೀಲಾಳಿಗೆ ಮತ್ತೆ ನುಸಿಗುಳಿಗೆಯ ವಾಸನೆ ಬಂದ ಹಾಗಾಯಿತು. ಮನೆಗೆ ಬಂದು ಬೇಸನ್ನು ಮಂಚದ ಮೇಲೆ ಎಸೆದು ಗೋಡೆಗೆ ಮುಖ ಮಾಡಿ ಕುಳಿತಳು.

ಮರುದಿನ ಬೇಸಿನ ಪಟ್ಟಿಗೆ, ಭುಜ ಒತ್ತುವ ಕಡೆ, ಹಳೆಯ ಇಳಕಲ್ ಸೀರೆಯ ಮಡಿಕೆ ಹೊಲಿದಿತ್ತು. ಮುದುಕಮ್ಮ ತೊಗರಿಬೇಳೆಯ ಮೊರ ಹಿಡಿದು ಮಗಳ ಎದುರಿಗೆ ಕುಳಿತಳು.

"ಬಾರ್ಸು. ನಾ ಕೇಳಿದ್ದಕ್ಕ ಉತ್ತರಾ ಕೊಡ್ಕೋತ ಬಾರ್ಸು."

"ಯಾಕವ್ವಾ?"

"ನಿನ್ನ ಬಾಯಿ ಒಂದು ಕಡೆ ಹೋಗ್ಲಿ, ಕೈ ಒಂದು ಕಡೆ ಹೋಗ್ಲಿ. ನಾ ರೊಟ್ಟಿ ಬಡಿಯೂ ಮುಂದ ನಿನ್ನ ಅಪ್ಪನ ಕೂಡ ಜಗಳಾ ಮಾಡ್ತಿದ್ದಿಲ್ಲೇನು? ಒಂದು ರೊಟ್ಟೀನೂ ಹರದಿಲ್ಲ."

ಸ ಗ ಪ ಗ. "ಇರಕಲ್ಲಗಡದ ಕಳಕಮ್ಮನ ಸೊಸಿಗೆ ಎಷ್ಟು ಮಕ್ಕಳು?" "ಮೂರು." ಕೈ ನಿಂತಿತು. "ಮೂರು ಅಲ್ಲ, ನಾಕು. ಮತ್ತ ಬಾರ್ಸು." ಐದು ದಿನ ಊರಿನ ಬಸಿರು, ಬಾಣಂತನ, ಓಡಿಹೋದವರ ಸುದ್ದಿಯೆಲ್ಲ ಬೇಸಿನ ಮೇಲೆ ಹಾದುಹೋಯಿತು. ಬೇಳೆಯಲ್ಲಿ ಕಲ್ಲು ಮುಗಿದರೂ ಮುದುಕಮ್ಮ ಆರಿಸುತ್ತಲೇ ಇದ್ದಳು.

ಭಾನುವಾರ ಇಳಿಹೊತ್ತು ಗೆಸ್ಟ್‌ಹೌಸಿನ ಅಂಗಳದಲ್ಲಿ ನಲವತ್ತು ಜನ ಇದ್ದರು. ಕೆರೆ ನೋಡಲು ಬಂದಿದ್ದ ಗಂಗಾವತಿಯ ಎರಡು ಕುಟುಂಬಗಳು ಅವಳನ್ನು ಗುರುತಿಸಿ ಪಿಸುಗುಟ್ಟಿದವು. ಸೋಫಾಗಳಿಂದ ಹಳಸಿದ ಬಿಯರಿನ ನಾತ. ರಫೀಕ ಕಡ್ಡಿಯಿಂದ ನಾಲ್ಕು ಎಣಿಸಿದ. ಮೊದಲ ಸುತ್ತು ಮುಗ್ಗರಿಸದೆ ಮುಗಿಯಿತು, ಎರಡನೆಯದು ಮುಗಿಯಿತು. ಅವಳ ಸಾಲಿನ ಮೇಲೆ ಐಶ್ವರ್ಯಳ ಗಿಟಾರ್ ಜಿಗಿಯುತ್ತಿತ್ತು.

ಹಾಡು ನಿಂತು ಬರೀ ವಾದ್ಯ ನುಡಿಯುವ ಭಾಗ ಬಂದಾಗ ಅಂದಪ್ಪ ಕೈಮೈಕು ಹಿಡಿದು ನಡುವೆ ಬಂದ.

"ಎಲ್ಲಾರೂ ಗುರ್ತು ಹಿಡದೀರಿ. ನಮ್ಮ ಭಾಗದ ಕೋಗಿಲಿ, ಪಾಪ, ದೇವರು ದನಿ ಕಸಗೊಂಡ. ಆದ್ರೂ ಒಂದು ಸಾಲು ಕೇಳೋಣು." ಮೈಕನ್ನು ಅವಳ ತುಟಿಗೆ ತಂದು ಹಿಡಿದ. "ಒಂದು ಸಾಲು ಅಕ್ಕಾರ. ಹೆಂಗರ ಬರ್ಲಿ, ಜನಾ ಅಳ್ತಾರ."

ಯಾರೋ ಆಗಲೇ ಮೊಬೈಲು ಎತ್ತಿದ್ದರು. ಮೈಕಿನ ಜಾಳಿಗೆಯಿಂದ ಯಾರ್ಯಾರದೋ ಹಳೆಯ ಎಂಜಲು, ಗುಟ್ಕಾದ ವಾಸನೆ ಮೂಗಿಗೆ ಹೊಡೆಯಿತು. ಮೈಕು ಕಂಡ ಕೂಡಲೇ ಅವಳ ಎದೆ ತಾನಾಗಿಯೇ ತುಂಬಿಕೊಂಡಿತು, ಹದಿನೆಂಟು ವರ್ಷ ತುಂಬಿಕೊಂಡ ಹಾಗೆ. ರಫೀಕ ಅವಳ ಕೈಯನ್ನೇ ನೋಡುತ್ತಿದ್ದ.

ಪ ನಿ ರಿ ನಿ. ಸ.

"ಅಂದಪ್ಪಣ್ಣ," ಅವಳ ಒಡಕು ದನಿ ಅಂಗಳದ ತುಂಬ ಕೇಳಿಸಿತು, ಕೈ ನಡೆಯುತ್ತಲೇ ಇತ್ತು, "ಈ ಮೈಕು ಭಾಳ ನಾರ್ತೈತಿ. ಅತ್ತಾಗ ಹಿಡೀರಿ."

ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ನಕ್ಕಳು, ಆಮೇಲೆ ಇನ್ನಿಬ್ಬರು. ಅಂದಪ್ಪ ಮೈಕು ಕೆಳಗಿಳಿಸಿದ. ಐಶ್ವರ್ಯ ಗಿಟಾರನ್ನು ಬೆನ್ನಿಗೆ ಸರಿಸಿ ಅವನ ಹತ್ತಿರ ಬಂದಳು. "ಕೊಡ್ರಿ ಮಾಮಾ," ಎಂದು ಮೆಲ್ಲಗೆ ಮೈಕು ತೆಗೆದುಕೊಂಡು, ಮೊಣಕಾಲೂರಿ ಕುಳಿತು, ಶಿವಲೀಲಾಳ ಹಿಂದಿದ್ದ ಬೇಸಿನ ಸ್ಪೀಕರ್ ಪೆಟ್ಟಿಗೆಗೆ ಅದನ್ನು ಹಿಡಿದಳು. ಬೇಸಿನ ಸಾಲು ಇಡೀ ಅಂಗಳಕ್ಕೆ ಕೇಳಿಸತೊಡಗಿತು.

ಪೆಟ್ಟಿಗೆಯ ಮೇಲೆ ಯಾರೋ ಮಂಡಕ್ಕಿಯ ತಟ್ಟೆ ಇಟ್ಟು ಮರೆತಿದ್ದರು. ಒಂದೊಂದು ಹೆಜ್ಜೆಗೂ ಮಂಡಕ್ಕಿಯ ಕಾಳುಗಳು ನಡುಗಿ, ಸ್ವಲ್ಪ ಸ್ವಲ್ಪವೇ ತಟ್ಟೆಯ ಅಂಚಿಗೆ ಸರಿದು, ಒಂದರ ಹಿಂದೆ ಒಂದು ನೆಲಕ್ಕೆ ಬೀಳತೊಡಗಿದವು.