ಹಸಿರು ಗುರುತಿನ ಮೇಲೆ ನಾಲ್ಕು ವರ್ಷ

ನಾನು ಒಂದು ಕ್ಯಾಮೆರಾ. ನನ್ನ ನೆತ್ತಿಯ ಮೇಲೆ ತಿರುಗುವ ಒಂದು ಗಾಲಿ ಇದೆ. ನನ್ನ ಕಷ್ಟವೆಲ್ಲ ಆ ಗಾಲಿಯದೇ ಆದ್ದರಿಂದ ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅದರ ಒಂದು ಕಡೆ ಹಸಿರು ಗುರುತು, ಇನ್ನೊಂದು ಕಡೆ ‘ಎಂ’ ಎಂಬ ಅಕ್ಷರ. ‘ಎಂ’ಗೆ ತಿರುಗಿಸಿದರೆ ಎಷ್ಟು ಬೆಳಕು ಒಳಗೆ ಬಿಡಬೇಕು, ಎಷ್ಟು ಹೊತ್ತು ಬಿಡಬೇಕು ಎಂದು ನೀವು ನನಗೆ ಹೇಳಬೇಕು. ಹಸಿರಿಗೆ ತಿರುಗಿಸಿದರೆ ಏನೂ ಹೇಳಬೇಕಾಗಿಲ್ಲ, ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ಹಾಗೆಂದು ನನ್ನ ಜೊತೆ ಬಂದ ಪುಸ್ತಕದಲ್ಲಿ ಬರೆದಿದೆ. ಬರೆದವರು ನನ್ನನ್ನು ಒಂದು ಮಾತೂ ಕೇಳಿರಲಿಲ್ಲ.

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಕೊನೆಯ ಮೇಜಿನ ಮುಂದೆ ಬಿಳಿ ಕೈಗವಸು ಹಾಕಿಕೊಂಡ ಹೆಂಗಸೊಬ್ಬಳು ನನ್ನೆದುರು ಒಂದು ಬೂದು ಹಲಗೆ ಹಿಡಿದು ನನ್ನ ಕಣ್ಣನ್ನು ಸರಿ ಮಾಡಿದಳು. ಅವತ್ತೇ ನನಗೆ ರೋಗ ಅಂಟಿತು. ಲೋಕ ಒಟ್ಟಾರೆ ಆ ಹಲಗೆಯ ಬಣ್ಣದ್ದೇ ಎಂದು ನಾನು ನಂಬಿಬಿಟ್ಟೆ. ಎದುರಿಗೆ ಬಿಳಿ ತುಂಬಿದರೆ ಬೆಳಕು ಹೆಚ್ಚಾಯಿತೆಂದು ಕಡಿಮೆ ಮಾಡುತ್ತೇನೆ, ಕಪ್ಪು ತುಂಬಿದರೆ ಬೆಳಕು ಸಾಲದೆಂದು ಹೆಚ್ಚು ಮಾಡುತ್ತೇನೆ. ಎರಡೂ ಬೂದಾಗುತ್ತವೆ. ನನಗೆ ಬೆಳಕನ್ನು ಅಳೆಯಲು ಬರುತ್ತದೆ, ಎದುರಿಗಿರುವುದು ಏನೆಂದು ಗೊತ್ತಾಗುವುದಿಲ್ಲ.

ಮೊದಲ ಒಡೆಯ ಕಲಬುರಗಿಯ ಮದುವೆ ಫೋಟೋಗ್ರಾಫರ್ ಸಿದ್ರಾಮ. ಅವನು ಒಂದು ದಿನವೂ ಹಸಿರು ಗುರುತನ್ನು ಮುಟ್ಟಲಿಲ್ಲ. ಕರಿ ಕೋಟಿನ ಮದುಮಗ, ಬಿಳಿ ಸೀರೆಯ ಅಜ್ಜಿ ಪಕ್ಕಪಕ್ಕ ನಿಂತರೂ ಕೋಟು ಕೋಟಿನಂತೆ, ಸೀರೆ ಸೀರೆಯಂತೆ ಬರುತ್ತಿದ್ದವು. ಅವನ ಹೆಬ್ಬೆರಳು ನನಗೆ ಹೇಳುತ್ತಿತ್ತು, ನಾನು ಮಾಡುತ್ತಿದ್ದೆ. ಮೂರು ವರ್ಷದ ಮೇಲೆ ಅವನು ದೊಡ್ಡ ಕ್ಯಾಮೆರಾ ತಂದು ನನ್ನನ್ನು ಮಾರಿಬಿಟ್ಟ.

ಕೊಂಡವರು ಬೀದರಿನ ಜಗದೇವಿ ಟೀಚರ್. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವರು, ಫೋಟೋ ತೆಗೆಯುವ ಹುಚ್ಚು ಹೊಸದಾಗಿ ಹಿಡಿದಿತ್ತು. ಪ್ರತಿ ವರ್ಷ ಎಂಟನೆಯ ತರಗತಿಗೆ ಬೆಳಕಿನ ಪಾಠ ಮಾಡುತ್ತಾರೆಂದು ಕೇಳಿ ನಾನು ಹಿಗ್ಗಿದ್ದೆ. ಮನೆಗೆ ಬಂದ ದಿನವೇ ಅವರು ಗಾಲಿಯನ್ನು ಹಸಿರಿಗೆ ತಿರುಗಿಸಿದರು. ನಾಲ್ಕು ವರ್ಷ ಅದು ಅಲ್ಲೇ ಉಳಿಯಿತು. ಸಂಜೆಯ ಬಣ್ಣ ನೋಡಿ ಮರುಳಾಗಿ ನನ್ನನ್ನು ಎತ್ತುತ್ತಿದ್ದರು, ನಾನು ಪಟ್ಟನೆ ಫ್ಲಾಶ್ ಹೊಡೆದು ಆ ಬಣ್ಣವನ್ನೆಲ್ಲ ಹಾಳು ಮಾಡುತ್ತಿದ್ದೆ. “ಕ್ಯಾಮೆರಾನೇ ಸರಿ ಇಲ್ಲ” ಅನ್ನುತ್ತಿದ್ದರು.

ಅಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವರ ಓಣಿಯಲ್ಲೇ ಗೌಸುದ್ದೀನ್ ಉಸ್ತಾದರ ಮನೆ ಇತ್ತು. ಉಸ್ತಾದರು ಬಿದರಿ ಕೆಲಸದವರು. ಲೋಹದ ಮೇಲೆ ಉಳಿಯಿಂದ ಬಳ್ಳಿ ಕೊರೆದು, ಅದರಲ್ಲಿ ಬೆಳ್ಳಿಯ ತಂತಿ ಕೂರಿಸುತ್ತಾರೆ. ಕಡೆಗೆ ಕೋಟೆಯೊಳಗಿನ, ಬಿಸಿಲು ಮಳೆ ಕಾಣದ ಮೂಲೆಯ ಮಣ್ಣು ತಂದು ಅದರ ನೀರಿನಲ್ಲಿ ಕಾಯಿಸಿದರೆ ಲೋಹ ಕಡುಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತ ಉಳಿಯುತ್ತದೆ. ಎಲ್ಲ ಮಣ್ಣೂ ಆಗುವುದಿಲ್ಲ. ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿ, ರುಚಿ ನೋಡಿ ಆರಿಸಬೇಕು. ಆ ನಾಲಿಗೆಯೇ ಉಸ್ತಾದರ ಬದುಕು.

ಎರಡು ವರ್ಷ ಕೂತು ಅವರು ಒಂದು ಹೂಜಿ ಮಾಡಿದ್ದರು. ದೊಡ್ಡ ಪ್ರದರ್ಶನವೊಂದರ ಆಯ್ಕೆ ಸಮಿತಿಗೆ ಅದರ ಫೋಟೋ ಕಳಿಸಬೇಕಿತ್ತು. ಜಗದೇವಿಯವರು “ನಾ ತೆಗೀತೀನ್ರಿ ಚಾಚಾ” ಎಂದು ಖುಷಿಯಿಂದ ನನ್ನನ್ನು ತಂದರು, ಹಸಿರು ಗುರುತಿನಲ್ಲೇ. ನನ್ನ ಕಣ್ಣಿನ ತುಂಬ ಹೂಜಿಯ ಕಪ್ಪು. ನಾನು ನನ್ನ ಅಭ್ಯಾಸದಂತೆ ಬೆಳಕು ಹೆಚ್ಚು ಮಾಡಿದೆ. ಹೂಜಿ ಒಲೆಯ ಬೂದಿ ಬಳಿದಂತೆ ಬಂತು. ಅದನ್ನೇ ಕಳಿಸಿದರು.

ತಿಂಗಳ ಮೇಲೆ ಉತ್ತರ ಬಂತು. ಕುಸುರಿ ಚೆನ್ನಾಗಿದೆ, ಆದರೆ ಕಪ್ಪು ಮಸುಕಾಗಿದೆ, ಆಯ್ಕೆಯಾಗಿಲ್ಲ. ಉಸ್ತಾದರು ಕಾಗದವನ್ನೂ ಫೋಟೋವನ್ನೂ ಮುಂದಿಟ್ಟುಕೊಂಡು ಕೂತರು.

“ನನ್ನ ನಾಲಿಗಿ ಕೆಟ್ಟದ,” ಅಂದರು.

“ಕೈಯಾಗ ಹಿಡಿದು ನೋಡ್ರಿ ಚಾಚಾ, ಕಪ್ಪೇ ಅದ,” ಅಂದರು ಟೀಚರ್.

“ನನ್ನ ಕೋಣಿ ಕತ್ತಲದ ಬೇಟಿ. ಕತ್ತಲದಾಗ ಎಲ್ಲಾ ಕಪ್ಪೇ ಕಾಣ್ತದ. ನನ್ನ ಕಣ್ಣಿಗಿ ಅರವತ್ತೆಂಟು ವರ್ಷ ಆಗ್ಯಾವ. ಈ ಮಿಷಿನ್ ಕಣ್ಣು ಹೊಸಾದು, ಅದು ಯಾಕ ಸುಳ್ಳ ಹೇಳ್ತದ?”

ಡಬ್ಬಿಯಲ್ಲಿದ್ದ ಮಣ್ಣನ್ನು ಅಂಗಳದ ದಾಳಿಂಬೆ ಗಿಡದ ಬುಡಕ್ಕೆ ಸುರಿದರು. ಹೂಜಿಯನ್ನು ಹಳೆ ಲುಂಗಿಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದರು. ಉಳಿ ಸುತ್ತಿಗೆ ಮೂಲೆ ಸೇರಿದವು. ಜಗದೇವಿಯವರೂ ಕಡೆಗೆ ಫೋಟೋವನ್ನೇ ನಂಬಿದರು. ಪಾಪ, ಮುದುಕರಾದರು ಎಂದುಕೊಂಡರು. ಸುಳ್ಳು ಹೇಳಿದ್ದು ನಾನು ಎಂದು ಕೂಗಬೇಕೆನಿಸಿತು. ಬಾಯಿ ಇದ್ದರೆ ತಾನೇ? ಜೀವನದಲ್ಲಿ ಅಷ್ಟು ಸಿಟ್ಟು, ಅಷ್ಟು ನಾಚಿಕೆ ನನಗೆ ಎಂದೂ ಆಗಿಲ್ಲ.

ಹೀಗೇ ಹತ್ತು ಹನ್ನೊಂದು ತಿಂಗಳು ಹೋದವು. ಒಂದು ದಿನ ಟೀಚರ್ ಶಾಲೆಯಲ್ಲಿ ಕರಿಹಲಗೆಯ ಮೇಲೆ ಬರೆದ ಚಿತ್ರವೊಂದರ ಫೋಟೋ ತೆಗೆದರು. ಹಲಗೆ ಬೂದಾಗಿ ಬಂತು. ಮತ್ತೆ ತೆಗೆದರು, ಮತ್ತೆ ಬೂದು. ಹಲಗೆಯನ್ನು ನೋಡಿದರು, ನನ್ನ ಬೆನ್ನಿನ ಪರದೆಯನ್ನು ನೋಡಿದರು. ಮೊನ್ನೆ ತಾನೇ ಬಣ್ಣ ಬಳಿದ ಹಲಗೆ, ಕಾಗೆಯಷ್ಟು ಕಪ್ಪಗಿತ್ತು. ಅವರು “ಹೂಜಿ” ಅಂದರು, ಅಷ್ಟೇ.

ಅಂದೇ ಗಾಲಿ ‘ಎಂ’ಗೆ ತಿರುಗಿತು. ನನ್ನ ಕಷ್ಟ ಮುಗಿಯಿತು ಎಂದುಕೊಂಡೆ, ಇಲ್ಲ. ಅವರ ಮೊದಲ ಫೋಟೋದಲ್ಲಿ ಹಲಗೆಯೂ ಇಲ್ಲ, ಗೋಡೆಯೂ ಇಲ್ಲ, ಬರೀ ಕತ್ತಲೆ. ಎರಡನೆಯದು ಬರೀ ಬಿಳುಪು. ಬೆಳಕು ಬಿಡುವ ಹೊತ್ತನ್ನು ಹೇಳುವ ಶಟರ್ ಬದಲಿಸಿದರೆ, ಬೆಳಕು ಬರುವ ಕಿಂಡಿಯಾದ ಅಪರ್ಚರ್ ಮರೆಯುವರು, ಎರಡೂ ನೆನಪಿದ್ದರೆ ಕೈ ಅಲುಗಿಸುವರು. ಯಾವ ಅಂಕಿ ಹಾಕಿದಾಗ ಯಾವ ಫೋಟೋ ಬಂತು ಎಂಬುದೇ ಗೊಂದಲವಾಗಿ, ರೇಗಿ, ಎರಡು ಸಲ ಹಸಿರಿಗೆ ಮರಳಿದರು. ಒಂದು ಸಲ ನನ್ನನ್ನು ಮೇಜಿನ ಮೇಲೆ ಕುಕ್ಕಿ ಅತ್ತರು. ನನಗೂ ತಲೆ ಚಚ್ಚಿಕೊಳ್ಳುವಂತಾಗಿತ್ತು. ಸಿದ್ರಾಮನ ಹೆಬ್ಬೆರಳು ನೆನಪಾಗುತ್ತಿತ್ತು.

ಕಡೆಗೆ ಅವರ ಟೀಚರ್‌ತನವೇ ಕೈಹಿಡಿಯಿತು. ಶಾಲೆ ಬಿಟ್ಟ ಮೇಲೆ ಅಂಕಿಗಳನ್ನು ಸೀಮೆಸುಣ್ಣದಿಂದ ಹಲಗೆಯ ಮೇಲೆ ಬರೆದು, ಅದೇ ಅಂಕಿಗಳನ್ನು ನನಗಿಟ್ಟು, ಆ ಹಲಗೆಯದೇ ಫೋಟೋ ತೆಗೆಯತೊಡಗಿದರು. ಫೋಟೋದೊಳಗೇ ಅದರ ಲೆಕ್ಕವೂ ಬರುತ್ತಿತ್ತು. ಒಂದು ಅಂಕಿ ಒರೆಸುವುದು, ಇನ್ನೊಂದು ಬರೆಯುವುದು, ಮತ್ತೆ ಕ್ಲಿಕ್. ನನ್ನ ಗುಂಡಿಗಳ ಸಂದಿಗಳಲ್ಲೆಲ್ಲ ಸುಣ್ಣದ ಪುಡಿ. ಮೂರು ವಾರ ಹೀಗೆ ಸೆಣಸಿದ ಮೇಲೆ ಒಂದು ಸಂಜೆ ಹಲಗೆ ಕಪ್ಪಗೆ ಬಂತು, ಅಂಕಿ ಬೆಳ್ಳಗೆ ಬಂತು. ಅವರು ನಗಲಿಲ್ಲ. ನೇರ ಉಸ್ತಾದರ ಮನೆಗೆ ನಡೆದರು.

“ಹೂಜಿ ತೆಗೀರಿ ಚಾಚಾ.”

“ಯಾಕ? ಅದರ ಮುಖ ನೋಡಲ್ಲ ನಾ.”

ಟೀಚರ್ ತಾವೇ ಟ್ರಂಕು ತೆರೆದು ಹೂಜಿಯನ್ನು ಹೊಸ್ತಿಲ ಬೆಳಕಿನಲ್ಲಿಟ್ಟರು. ಮೊದಲು ಹಸಿರಿನಲ್ಲಿ ಒಂದು ತೆಗೆದರು. ನಾನು ಎಲ್ಲರೆದುರು ಮತ್ತೆ ತಪ್ಪಿದೆ, ಹೂಜಿ ಬೂದಾಯಿತು. ನಂತರ ‘ಎಂ’ಗೆ ತಿರುಗಿಸಿ, ಅಂಕಿ ಇಟ್ಟು, ಉಸಿರು ಹಿಡಿದು ಒತ್ತಿದರು. ಕಪ್ಪು ಕಪ್ಪಾಗಿ ಬಂತು, ಬೆಳ್ಳಿಯ ಬಳ್ಳಿ ಎಲೆ ಎಲೆಯಾಗಿ ಎದ್ದು ನಿಂತಿತು. ಎರಡನ್ನೂ ಉಸ್ತಾದರಿಗೆ ತೋರಿಸಿದರು. ಅವರು ಪರದೆ ನೋಡಿದರು, ಹೂಜಿ ನೋಡಿದರು, ಮತ್ತೆ ಪರದೆ ನೋಡಿದರು.

“ಹೋದ ವರ್ಷ ಈ ಮಿಷಿನ್ ನನಗ ಸುಳ್ಳ ಹೇಳಿತ್ತೇನು?”

“ಅದಲ್ರಿ ಚಾಚಾ, ತಪ್ಪು ನಂದು. ಅವತ್ತ ನಾ ಅದಕ್ಕ ಏನೂ ಹೇಳಿರಲಿಲ್ಲ.”

“ಈಗ ಏನ್ ಹೇಳಿದಿ?”

“ಇದು ಕಪ್ಪು ಅದ ಅಂತ ಹೇಳೀನ್ರಿ.”

ಉಸ್ತಾದರು ಎದ್ದು ದಾಳಿಂಬೆ ಗಿಡದ ಬುಡಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತರು. ವರ್ಷವಿಡೀ ಬಿಸಿಲು ಮಳೆ ತಿಂದ ಆ ಮಣ್ಣನ್ನು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿ, ತಕ್ಷಣ ಉಗುಳಿದರು.

“ಸತ್ತದ. ಹೊಸಾದು ತರಬೇಕು,” ಅಂದರು.

ಆ ನಾಲಿಗೆಗೆ ಏನೂ ಆಗಿರಲಿಲ್ಲ. ಟೀಚರ್ ಸೆರಗಿನಿಂದ ಕಣ್ಣೊರೆಸಿಕೊಂಡರು.

ಉಸ್ತಾದರು ಆಮೇಲೆ ಇನ್ನೂ ಆರು ವರ್ಷ ಕೆಲಸ ಮಾಡಿದರು. ಪ್ರತಿ ಸಲ ಫೋಟೋ ತೆಗೆಯುವ ಮೊದಲು ನನ್ನ ಕಡೆ ಬೆರಳು ತೋರಿಸಿ “ಅದಕ್ಕ ಹೇಳಿದೇನು?” ಎಂದು ಕೇಳದೆ ಬಿಡುತ್ತಿರಲಿಲ್ಲ. ಈಗ ಅವರಿಲ್ಲ. ನಾನು ನುಂಗಿದ ಆ ಒಂದು ವರ್ಷದಲ್ಲಿ ಅವರು ಇನ್ನೊಂದು ಹೂಜಿಗೆ ಕೈ ಹಾಕಬಹುದಿತ್ತು. ಅದು ನನ್ನನ್ನು ಇನ್ನೂ ಕೊರೆಯುತ್ತದೆ.

ನನ್ನ ಶಟರ್ ಸವೆದುಹೋಗಿದೆ. ಶಾಲೆಯ ಪ್ರಯೋಗಾಲಯದ ಕಪಾಟಿನಲ್ಲಿ ಗಾಜಿನ ಪಟ್ಟಕ, ಮಸೂರಗಳ ಪಕ್ಕದಲ್ಲಿ ಇದ್ದೇನೆ. ಗಾಲಿ ‘ಎಂ’ನಲ್ಲಿ ಸಿಕ್ಕಿಕೊಂಡಿದೆ, ತಿರುಗುವುದಿಲ್ಲ. ಪಕ್ಕದಲ್ಲೇ ಉಸ್ತಾದರು ಟೀಚರಿಗೆ ಮಾಡಿಕೊಟ್ಟ ಕೊನೆಯ ವಸ್ತುವಿದೆ. ಸೀಮೆಸುಣ್ಣ ಇಡುವ ಪುಟ್ಟ ಬಿದರಿ ಡಬ್ಬಿ. ಟೀಚರ್ ದಿನಾ ಹತ್ತು ಗಂಟೆಗೆ ಕಪಾಟು ತೆರೆದಾಗ ಕಿಟಕಿಯ ಬಿಸಿಲು ನೇರ ಅದರ ಮೇಲೆ ಬೀಳುತ್ತದೆ. ಅಷ್ಟು ಬಿಸಿಲಿನಲ್ಲೂ ಅದು ಕಪ್ಪಗೇ ಇರುತ್ತದೆ.