ಮೂವತ್ತೆಂಟು ಕಿಲೋ

ಮಾರ್ಗಳಿ ತಿಂಗಳ ಮಂಜು ಇನ್ನೂ ಬೀದಿ ಬಿಟ್ಟಿರಲಿಲ್ಲ. ತಮಿಳುನಾಡಿನ ತಾರಮಂಗಲದಲ್ಲಿ, ಕನ್ನಡ ಮನೆಮಾತಿನ ನೇಕಾರರ ಬೀದಿಯುದ್ದಕ್ಕೂ ಹಾಸಿನ ಉದ್ದ ನೂಲೆಳೆಗಳನ್ನು ಬಿಗಿದು, ಬಿಸಿಲೇರುವ ಮೊದಲೇ ಗಂಜಿ ಹಚ್ಚಿ ಮುಗಿಸಲು ಎರಡೂ ಕಡೆ ಜನ ಕುಂಚ ಎಳೆಯುತ್ತಿದ್ದರು. ಚೆಲ್ಲಮ್ಮ ಅವರ ನಡುವೆ ದಾರಿ ಮಾಡಿಕೊಂಡು, ಸೊಸೆ ಜೀವಿತಾಳ ತೋಳು ಹಿಡಿದು ಸೇಲಂ ಬಸ್ಸಿಗೆ ಹೊರಟಳು. ನೂಲು ಕೊಟ್ಟು ನೇಯಿಸುವ ಧನಶೇಖರ್ ಮೊದಲೇ ಹೇಳಿಬಿಟ್ಟಿದ್ದ: ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಗುಂಡಿಮಗ್ಗಕ್ಕೆ ಇಳಿಯಬಹುದೆಂದು ಆಸ್ಪತ್ರೆಯವರು ಹೇಳಿದರೆ ಪೊಂಗಲ್ ಕಳೆದ ಮೇಲಿನ ಹಾಸು ಚೆಲ್ಲಮ್ಮನದು, ಇಲ್ಲವಾದರೆ ಬೇರೆ ಮನೆಗೆ.

ಸೊಂಟನೋವು ನಾಲ್ಕು ವರ್ಷದ್ದು. ಹೋದ ಆಡಿ ತಿಂಗಳಲ್ಲಿ ಒಂದು ಮಧ್ಯಾಹ್ನ ಗುಂಡಿಯಿಂದ ಮೇಲೇಳಲಾಗದೆ, ಜೀವಿತಾ ಕೆಲಸದಿಂದ ಬಂದು ಕಂಕುಳಿಗೆ ಕೈ ಕೊಟ್ಟು ಎತ್ತುವವರೆಗೂ ಅಲ್ಲೇ ಕೂತಿದ್ದಳು. ಅದನ್ನು ಅತ್ತೆ ಸೊಸೆ ಯಾರಿಗೂ ಹೇಳಿರಲಿಲ್ಲ.

ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಯ ಅರ್ಚನಾ ಅವಳನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಸೊಂಟಕ್ಕೆ ಪಟ್ಟಿ ಬಿಗಿದು, ಬೆನ್ನಿಗೊಂದು ಮೆತ್ತೆ ತಾಗಿಸಿದಳು. ಕಾಲು ಸಡಿಲ ಬಿಟ್ಟು ಬರೀ ಬೆನ್ನಿನಿಂದ ಹಿಂದಕ್ಕೆ ಒತ್ತಬೇಕು, ಎಷ್ಟು ಬಲವಿದೆಯೆಂದು ಯಂತ್ರ ಕಿಲೋದಲ್ಲಿ ತೋರಿಸುತ್ತದೆ ಎಂದು ತಮಿಳಿನಲ್ಲಿ ತಿಳಿಸಿ ಹೇಳಿದಳು.

"ತಳ್ಳುಂಗಮ್ಮಾ, ನಲ್ಲಾ ತಳ್ಳುಂಗ."

ಚೆಲ್ಲಮ್ಮ ಕಣ್ಣು ಮುಚ್ಚಿ ಒತ್ತಿದಳು. ಮೂವತ್ತೆಂಟು. ಇಷ್ಟು ವರ್ಷದ ನೋವಿಗೆ ಇದು ಒಳ್ಳೆಯ ಬಲವೇ, ಮಗ್ಗಕ್ಕೆ ಕೂರಬಹುದು ಎನ್ನುತ್ತಾ ಅರ್ಚನಾ ಬರೆಯತೊಡಗಿದಳು. ಜೀವಿತಾಳ ಮುಖ ಅರಳಿತು.

ಚೆಲ್ಲಮ್ಮ ಕಣ್ಣು ತೆರೆದು ಕೆಳಗೆ ನೋಡಿದಳು. ಬಲಗಾಲು ಕುರ್ಚಿಯ ಅಡ್ಡಪಟ್ಟಿಯನ್ನು ಒತ್ತಿ ಹಿಡಿದಿತ್ತು. ಮೂವತ್ತು ವರ್ಷ ಮಗ್ಗ ತುಳಿದ ಕಾಲು. ಬೆನ್ನು ಬಿಗಿದೊಡನೆ ಕೇಳದೆಯೇ ತುಳಿದಿತ್ತು.

"ಅದು ಬೆನ್ನಲ್ಲ ಕಣೇ, ಕಾಲು," ಎಂದಳು ಸೊಸೆಗೆ.

ಅರ್ಚನಾಳಿಗೆ ಕನ್ನಡ ಬಾರದು. ಜೀವಿತಾ ತಗ್ಗಿದ ದನಿಯಲ್ಲಿ, "ಸುಮ್ನಿರತ್ತೆ. ಅವ್ಳೇ ಬರ್ಕೊಂತಾವ್ಳೆ, ಯಾರಿಗ್ ಗೊತ್ತಾಯ್ತದೆ?" ಎಂದಳು.

"ಗುಂಡಿಗ್ ಗೊತ್ತಾಯ್ತದೆ."

ಆಮೇಲೆ ಚೆಲ್ಲಮ್ಮ ಅದನ್ನೇ ತಮಿಳಿನಲ್ಲಿ ಹೇಳಿದಳು. ಅರ್ಚನಾ ಪೆನ್ನು ಕೆಳಗಿಟ್ಟು, ಕಾಲುಗಳು ಎಲ್ಲಿಯೂ ತಾಗದಂತೆ ಕುರ್ಚಿಯನ್ನು ಇನ್ನಷ್ಟು ಏರಿಸಿದಳು. ಮೂರು ಸಲ ಒತ್ತಿಸಿದಳು. ಹದಿನಾರು, ಹದಿನೇಳು, ಹದಿನಾಲ್ಕು. ಬರೆದಿದ್ದನ್ನು ಹೊಡೆದು ಹಾಕಿ, ಮನೆಯಲ್ಲಿ ಮಾಡಬೇಕಾದ ವ್ಯಾಯಾಮಗಳನ್ನು ಹೇಳಿಕೊಟ್ಟಳು. ಮೂರು ತಿಂಗಳು ಬಿಟ್ಟು ಮತ್ತೆ ಅಳೆಯೋಣ, ಅಲ್ಲಿಯವರೆಗೆ ಗುಂಡಿಗೆ ಇಳಿಯಬೇಡಿ ಎಂದಳು.

ವಾಪಸ್ ಬಸ್ಸಿನಲ್ಲಿ ಜೀವಿತಾ ಅತ್ತೆಯ ಪಕ್ಕದ ಸೀಟು ಬಿಟ್ಟು ಹಿಂದೆ ಹೋಗಿ ಕೂತಳು.

ಧನಶೇಖರ್ ತನ್ನ ಮನೆಯ ಜಗಲಿಯಲ್ಲೇ ಇದ್ದ. "ಏನಂದ್ರಕ್ಕಾ?" ಎಂದ.

"ಆಸು ಎದುರುಮನೆ ರಂಗನಾಯಕಿಗೆ ಕೊಡಪ್ಪಾ. ನಂಗೆ ಮೂರು ತಿಂಗ್ಳು ಆಗಾಕಿಲ್ಲ."

"ಆಮೇಲೆ ನೋಡಣ ಬಿಡಕ್ಕಾ," ಎಂದು ಅವನು ಒಳಗೆ ಹೋದ.

ಸಂಜೆ ಚೆಲ್ಲಮ್ಮ ಮಗ್ಗದ ಹಿಂದೆ ನೆಲದ ಮೇಲೆ ಗೋಡೆಗೊರಗಿ ಕೂತಳು. ಹೊಸ ಹಾಸು ಬಂದರೆ ಹೊಸೆದು ಸೇರಿಸಲೆಂದು ಬಿಟ್ಟಿದ್ದ ಹಳೆಯ ಎಳೆಗಳು ಹಣಿಗೆಯ ಹಲ್ಲುಗಳಿಂದ ಇಳಿಬಿದ್ದಿದ್ದವು. ಅವನ್ನು ಕೈಯಲ್ಲೇ ಬಾಚಿ, ಮೂರು ತಿಂಗಳು ಕಾದರೂ ಒಂದೂ ಜಾರದಂತೆ ಹಿಡಿ ಹಿಡಿಯಾಗಿ ಗಂಟು ಹಾಕತೊಡಗಿದಳು. ಸ್ವಲ್ಪ ಹೊತ್ತಿಗೆ ಜೀವಿತಾ ಬಂದು ಆಚೆ ತುದಿಯಲ್ಲಿ ಕೂತು, ಆ ಕಡೆಯಿಂದ ಗಂಟು ಹಾಕುತ್ತಾ ಬಂದಳು.