ನೀರು ಇಳಿಯುವಾಗ

ಶಹಾಪುರದ ಬಾಳಕೃಷ್ಣ ಮನೆಗೆ ಬೀಗ ಹಾಕಿ, ಅದನ್ನೊಮ್ಮೆ ಜಗ್ಗಿ ನೋಡಿ, ನಾಲ್ಕು ಹೆಜ್ಜೆ ನಡೆದು, ಮತ್ತೆ ತಿರುಗಿ ಬಂದು ಇನ್ನೊಮ್ಮೆ ಜಗ್ಗುವ ಮನುಷ್ಯ. ಓಣಿಯವರಿಗೆ ಅದೊಂದು ನಗೆಯ ವಿಷಯ. ಹಗಲೆಲ್ಲ ಪವರ್‌ಲೂಮ್ ನಡೆಸಿ, ಸಂಜೆ ರಾತ್ರಿಶಾಲೆಯಲ್ಲಿ ಕೂತು ಎಸ್ಸೆಸ್ಸೆಲ್ಸಿ ಪಾಸಾದವನು. ಪಾಸಾದ ಮೇಲೂ ತನ್ನ ಅಂಕಪಟ್ಟಿಗೆ ಬೇರೆ ಯಾರದೋ ಅಂಕ ಬಂದಿರಬಹುದೇ ಎಂದು ಬಹಳ ದಿನ ಒಳಗೊಳಗೇ ಅಳುಕಿದವನು. ಅನುಮಾನವೇ ಇಲ್ಲದೆ ಅವನು ನಂಬಿದ್ದು ಒಂದನ್ನೇ, ತಾನು ಹಾಕಿದ ಗಂಟನ್ನು. ಮಗ್ಗದ ಮೇಲೆ ಎಳೆ ಹರಿದರೆ ಎರಡು ತುದಿ ಕೂಡಿಸಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಗಂಟು ಹಾಕುತ್ತಿದ್ದ. ಸೀರೆ ಹಳತಾಗಿ ಚಿಂದಿಯಾದರೂ ಆ ಗಂಟು ಮಾತ್ರ ಬಿಚ್ಚುತ್ತಿರಲಿಲ್ಲ.

ಅವನಿಗೆ ಒಬ್ಬಳೇ ಮಗಳು, ಮುಕ್ತಾ. ಅವಳನ್ನು ಖಾನಾಪುರದ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದರು. ಆ ಊರಿನಲ್ಲಿ ಮಲಪ್ರಭೆಗೆ ಅಡ್ಡಲಾಗಿ ಹಳೆಯದೊಂದು ಬಾಂದಾರವಿದೆ. ಮಳೆಗಾಲ ಮುಗಿದೊಡನೆ ಹಲಗೆ ಇಳಿಸಿ ನೀರು ನಿಲ್ಲಿಸುತ್ತಾರೆ. ಮೇಲುಗಡೆ ತುಂಬಿದ ಹೊಳೆ, ಕೆಳಗಡೆ ಎರಡಾಳು ತಗ್ಗಿನಲ್ಲಿ ಉಳಿದ ಹೊಳೆ. ಪ್ರವಾಸಿಗರ ದೋಣಿ ಎರಡೂ ಕಡೆ ತಿರುಗಾಡಲಿ ಎಂದು ಈಚೆಗೆ ಬಾಂದಾರದ ಮಗ್ಗುಲಲ್ಲಿ ಕಾಂಕ್ರೀಟಿನ ಉದ್ದನೆಯ ತೊಟ್ಟಿ ಕಟ್ಟಿ, ಅದರ ಎರಡು ತುದಿಗೂ ಕಬ್ಬಿಣದ ಕದ ಕೂಡಿಸಿದ್ದರು. ದೋಣಿ ಮೇಲಿನ ಕದ ದಾಟಿ ಒಳಗೆ ಬಂದು ನಿಲ್ಲಬೇಕು. ಆ ಕದ ಮುಚ್ಚಿ, ಕೆಳಗಿನ ಕದದಲ್ಲಿರುವ ಕಿಂಡಿ ಎತ್ತಿದರೆ ತೊಟ್ಟಿಯ ನೀರು ಹರಿದು ಹೋಗಿ ದೋಣಿ ಮೆಲ್ಲಗೆ ಇಳಿಯುತ್ತದೆ. ನೀರು ಸಮವಾದ ಮೇಲೆ ಕೆಳಗಿನ ಕದ ತೆರೆದು ಹೊರಗೆ ಹೋಗುವುದು. ಊರವರು ಇದಕ್ಕೆ ನೀರಿನ ಲಿಫ್ಟ್ ಎಂದು ಹೆಸರಿಟ್ಟಿದ್ದರು.

ದೋಣಿ ನಡೆಸಲು ಊರಿನ ಮಹಿಳಾ ಸಂಘ ಮುಂದೆ ಬಂದಿತ್ತು. ಹೆಂಗಸರು ತರಬೇತಿಗೆ ಹೋಗಿ ಬಂದರು. ಪ್ರಮಿಳಾ ದೋಣಿ ನಡೆಸುವುದನ್ನು ಕಲಿತಳು. ಕದ, ಕಿಂಡಿ, ಹಗ್ಗ, ಇವುಗಳ ಪೂರ್ಣ ಹೊಣೆ ಮುಕ್ತಾಳದು. ಇನ್ನು ಉಳಿದದ್ದು ಒಂದು ಪರೀಕ್ಷೆ. ಅತಿಶಯ ಎಂಬ ಇಂಜಿನಿಯರ್ ಸಾಹೇಬರು ಬಂದು, ಕಣ್ಣಾರೆ ನೋಡಿ ಒಪ್ಪಿದರೆ ಭಾನುವಾರದಿಂದ ಜನರನ್ನು ಕೂಡಿಸಿಕೊಳ್ಳಬಹುದು. ಒಪ್ಪದಿದ್ದರೆ ದೋಣಿ ಹೊರಗಿನ ಗುತ್ತಿಗೆದಾರನ ಕೈಗೆ ಹೋಗುತ್ತಿತ್ತು. ಹೆಂಗಸರ ಕೈಯಲ್ಲಿ ಇದೆಲ್ಲ ಆಗುವುದಲ್ಲ ಎಂದು ಅವನು ಆಗಲೇ ಚಹಾದಂಗಡಿಯಲ್ಲಿ ಕೂತು ಹೇಳುತ್ತಿದ್ದ.

ಪರೀಕ್ಷೆಯ ದಿನ ಬಾಳಕೃಷ್ಣ ಬೆಳಗಿನ ಬಸ್ಸಿಗೇ ಬಂದಿಳಿದ. ಕೈಚೀಲದಲ್ಲಿ ತಾನೇ ನೇಯ್ದ ಹಸಿರು ಸೀರೆ. ಅದನ್ನು ಉಟ್ಟುಕೊಂಡೇ ಮಗಳು ಕದದ ಮುಂದೆ ನಿಲ್ಲಬೇಕು ಎಂಬುದು ಅವನ ಆಸೆ. ಮುಕ್ತಾ ಸೀರೆಯನ್ನು ಕಣ್ಣಿಗೊತ್ತಿಕೊಂಡು ಪೆಟ್ಟಿಗೆಯಲ್ಲಿಟ್ಟಳು. ಕಿಂಡಿ ಎತ್ತುವ ಚಕ್ರಕ್ಕೆ ಸೆರಗು ಸಿಕ್ಕರೆ ಕೈಯೂ ಅದರ ಜೊತೆಗೇ ಹೋಗುತ್ತದೆ ಎಂದು ಹೇಳಿ, ಚೂಡಿದಾರದ ಮೇಲೆ ನೀರಿನಲ್ಲಿ ತೇಲಿಸುವ ಕಿತ್ತಳೆ ಬಣ್ಣದ ಜಾಕೀಟು ಬಿಗಿದುಕೊಂಡು ಹೊರಟಳು. ಅವನಿಗೆ ಒಂದು ಗಳಿಗೆ ಪಿಚ್ಚೆನಿಸಿತು. ಆದರೆ ಹೊಳೆಯ ದಂಡೆಗೆ ಹೋಗುವಾಗ ಎದುರು ಸಿಕ್ಕವರಿಗೆಲ್ಲ ಆ ಮಾತನ್ನೇ ಹೇಳಿದ, ನಮ್ಮ ಹುಡುಗಿ ಸೆರಗಿನ ಮಟ್ಟಕ್ಕೂ ವಿಚಾರ ಮಾಡ್ತಾಳ ನೋಡ್ರಿ ಎಂದು.

ದಂಡೆಯಲ್ಲಿ ಒಂದು ತೊಡಕು ಕಾದಿತ್ತು. ತೊಟ್ಟಿಯ ಗೋಡೆಯ ಮೇಲೆ ನಿಂತು ದೋಣಿಯ ಮುಂದಿನ ಹಗ್ಗವನ್ನು ಒಬ್ಬರು, ಹಿಂದಿನ ಹಗ್ಗವನ್ನು ಇನ್ನೊಬ್ಬರು ಹಿಡಿಯಬೇಕು. ಹಿಂದಿನ ಹಗ್ಗ ಹಿಡಿಯಬೇಕಾದ ಮಾಯವ್ವನ ಮಗುವಿಗೆ ಜ್ವರ ಬಂದು ಅವಳು ದವಾಖಾನೆಗೆ ಹೋಗಿದ್ದಳು. ಹೊಣೆ ಹೊರುವವಳು ಸರಿಯಾಗಿ ತಿಳಿಸಿ ಹೇಳಿದರೆ ಹಗ್ಗವನ್ನು ಯಾರಾದರೂ ದೊಡ್ಡವರು ಹಿಡಿಯಬಹುದು ಎಂದರು ಸಾಹೇಬರು. ಬಾಳಕೃಷ್ಣ ಆಗಲೇ ತೋಳು ಮಡಿಸಿದ್ದ. ಮುಕ್ತಾ ಅವನನ್ನು ಕರೆದುಕೊಂಡು ಹೋಗಿ ಗೋಡೆಯ ಮೇಲಿನ ಕಬ್ಬಿಣದ ಗೂಟದ ಮುಂದೆ ನಿಲ್ಲಿಸಿದಳು.

"ಅಪ್ಪಾ, ಗೂಟಕ್ಕ ಒಂದ ಸುತ್ತು ಹಾಕಿ ತುದಿ ಕೈಯಾಗ ಹಿಡಕೋ. ದೋಣಿ ಇಳದಂಗ ಹಗ್ಗ ಬಿಡಕೋತ ಹೋಗು. ಕಟ್ಟಬ್ಯಾಡ. ನನ್ನ ಕಡೆ ನೋಡಬ್ಯಾಡ, ದೋಣಿ ಕಡೆ ನೋಡು."

ಅವನು ತಲೆಯಾಡಿಸಿದ. ಅವಳು ಇನ್ನೊಮ್ಮೆ ಹೇಳಿದಳು. ಅವನು ಇನ್ನೊಮ್ಮೆ ತಲೆಯಾಡಿಸಿದ.

ದೋಣಿಯಲ್ಲಿ ಜನರ ಬದಲು ಉಸುಕಿನ ಚೀಲಗಳನ್ನು ಇಟ್ಟಿದ್ದರು. ಹಿಂದೆ ಚುಕ್ಕಾಣಿ ಹಿಡಿದು ಪ್ರಮಿಳಾ, ನಡುವಿನ ಪಟ್ಟಿಯ ಮೇಲೆ ಮುಕ್ತಾಳ ಅತ್ತೆ ಗಂಗೂಬಾಯಿ. ಸೊಸೆ ಇಳಿಸುವ ನೀರಿನಲ್ಲಿ ಮೊದಲು ತಾನೇ ಇಳಿಯಬೇಕು ಎಂದು ಆಕೆ ಹಟ ಹಿಡಿದು, ಜಾಕೀಟು ತೊಟ್ಟು, ಎಲೆಯಡಿಕೆ ಬಾಯಿಗಿಟ್ಟುಕೊಂಡು ಕೂತಿದ್ದಳು. ಮುಂದಿನ ಹಗ್ಗ ಸಂಘದ ಗಂಗಾದೇವಿಯ ಕೈಯಲ್ಲಿತ್ತು. ಸಾಹೇಬರು ಕೆಳಗಿನ ಕದದ ಹತ್ತಿರ ಮುಕ್ತಾಳ ಕೈಯನ್ನೇ ನೋಡುತ್ತ ನಿಂತಿದ್ದರು.

ಮುಕ್ತಾ ಚಕ್ರ ತಿರುಗಿಸಿದಳು. ಕಿಂಡಿಯಿಂದ ನೀರು ನುಗ್ಗಿತು. ಗೋಡೆಯ ಮೇಲೆ ಹಸಿಯ ಗೆರೆ ಬಿಟ್ಟು ದೋಣಿ ಇಳಿಯತೊಡಗಿತು. ಮಗಳು ಹೇಳಿದ ಹಾಗೆಯೇ ಬಾಳಕೃಷ್ಣ ಹಗ್ಗ ಬಿಟ್ಟ. ಒಂದು ಮಾರು ಸರಿಯಾಗಿಯೇ ಬಿಟ್ಟ. ಆದರೆ ಅಂಗೈ ಬೆವರುತ್ತಿತ್ತು. ಹಗ್ಗ ಜಾರಿದರೆ? ಈ ಹಾಳು ಕೈ ಎಲ್ಲಿಯಾದರೂ ಮರೆತು ಬಿಟ್ಟುಬಿಟ್ಟರೆ? ಅತ್ತ ಮಗಳು ಚಕ್ರದ ಮುಂದೆ ಕಾಲು ಅಗಲಿಸಿ ನಿಂತಿದ್ದಳು. ಸಾಹೇಬರು ಏನನ್ನೋ ಕೇಳಿದರು, ಅವಳು ಕೈ ನಿಲ್ಲಿಸದೆ ಉತ್ತರ ಕೊಟ್ಟಳು. ಅದನ್ನು ನೋಡದೆ ಇರುವುದು ಹೇಗೆ? ನೋಡಿದರೆ ಕೈಯ ಮೇಲೆ ನಂಬಿಕೆಯಿಲ್ಲ. ನಂಬಿಕೆ ಇದ್ದದ್ದು ಗಂಟಿನ ಮೇಲೆ. ಒಂದೇ ಗಳಿಗೆ ಎಂದುಕೊಂಡ. ಗೂಟಕ್ಕೆ ಇನ್ನೆರಡು ಸುತ್ತು ಹಾಕಿ ತನ್ನ ಗಂಟು ಬಿಗಿದ. ಜೀವ ನಿರಾಳವಾಯಿತು. ಎರಡೂ ಕೈ ಹಿಂದೆ ಕಟ್ಟಿಕೊಂಡು ಮಗಳನ್ನು ನೋಡುತ್ತ ನಿಂತ.

ಹಗ್ಗ ನರಳಿದ ಸದ್ದಿಗೆ ಅವನು ತಿರುಗಿದ. ನೀರು ಇಳಿದಿತ್ತು, ದೋಣಿಯ ಹಿಂಭಾಗ ಇಳಿದಿರಲಿಲ್ಲ. ಅದು ಹಗ್ಗಕ್ಕೆ ಜೋತುಬಿದ್ದು ಗೋಡೆಗೆ ಅಂಟಿಕೊಂಡಿತ್ತು. ಮೂತಿ ಮಾತ್ರ ನೀರಿನ ಜೊತೆ ಕೆಳಗೆ ಹೋಗುತ್ತಿತ್ತು. ಉಸುಕಿನ ಚೀಲಗಳು ಒಂದರ ಮೇಲೊಂದು ಮುಂದಕ್ಕೆ ಜಾರಿದವು. ಗಂಗೂಬಾಯಿ ಪಟ್ಟಿಯನ್ನು ಎರಡೂ ಕೈಯಿಂದ ತಬ್ಬಿಕೊಂಡಳು. ನೀರು ಮುಂದಿನ ಅಂಚಿಗೆ ಬಂದು ಮುಟ್ಟಿತು.

ಬಾಳಕೃಷ್ಣ ಗಂಟಿನ ಮೇಲೆ ಬಿದ್ದ. ಅದು ಕಲ್ಲಾಗಿತ್ತು. ಜೇಬಿನಲ್ಲಿ ಯಾವಾಗಲೂ ಇರುವ ಎಳೆ ಕತ್ತರಿಸುವ ಕತ್ತರಿ ತೆಗೆದು ಹಗ್ಗಕ್ಕೆ ಹಚ್ಚಿದ.

"ಕತ್ತರಸಬ್ಯಾಡ!"

ಆ ದನಿಯನ್ನು ಅವನು ಇದುವರೆಗೆ ಕೇಳಿರಲಿಲ್ಲ. ಅಷ್ಟು ಎತ್ತರದಿಂದ ಹಿಂಭಾಗ ಒಮ್ಮೆಲೇ ಬಿದ್ದರೆ ದೋಣಿಯಲ್ಲಿದ್ದವರು ಎಲ್ಲಿ ಹೋಗಿ ಬೀಳುತ್ತಾರೆಂಬುದು ಅವನಿಗೆ ಆಮೇಲೆ ಹೊಳೆಯಿತು. ಆಗ ದನಿಗೆ ಹೆದರಿ ಕೈ ತೆಗೆದ. ಮಗಳು ಓಡಿ ಬಂದು ಹಗ್ಗಕ್ಕೆ ಕೈ ಹಚ್ಚುತ್ತಾಳೆಂದು ಅವನು ಕಾದ. ಅವಳು ಬರಲಿಲ್ಲ. ಮೊದಲು ಕೆಳಗಿನ ಕಿಂಡಿಯನ್ನು ಪೂರ್ತಿ ಇಳಿಸಿದಳು. ನೀರು ಇಳಿಯುವುದು ನಿಂತಿತು. ಪ್ರಮಿಳಾಳಿಗೂ ಅತ್ತೆಗೂ ಇದ್ದಲ್ಲಿಯೇ ಕೂತಿರಲು ಹೇಳಿದಳು. ಆಮೇಲೆ ಗೋಡೆಯ ಮೇಲೆ ದಾಪುಗಾಲು ಹಾಕುತ್ತ ಅಪ್ಪನನ್ನು ದಾಟಿ ಮೇಲಿನ ಕದಕ್ಕೆ ಹೋಗಿ, ಅಲ್ಲಿಯ ಕಿಂಡಿಯನ್ನು ಕೂದಲೆಳೆಯಷ್ಟೇ ಎತ್ತಿದಳು. ಮೇಲಿನ ಹೊಳೆಯ ನೀರು ತೊಟ್ಟಿಗೆ ಬರತೊಡಗಿತು. ಮೂತಿ ಮೆಲ್ಲಗೆ ಎದ್ದಿತು. ದೋಣಿ ನೆಟ್ಟಗಾಯಿತು, ಹಗ್ಗ ಸಡಿಲಾಗಿ ಜೋತಾಡಿತು.

"ಈಗ ಕತ್ತರಸು" ಎಂದಳು ಮುಕ್ತಾ.

ತನ್ನ ಗಂಟನ್ನು ಅವನು ತಾನೇ ಕತ್ತರಿಸಿದ. ಎಳೆಗೆಂದು ಮಾಡಿದ ಕತ್ತರಿ ದಪ್ಪ ಹಗ್ಗದ ಮೇಲೆ ಮೂರು ಸಲ ಜಾರಿತು.

ಗಂಗೂಬಾಯಿ ಬಾಯೊಳಗಿನ ಎಲೆಯಡಿಕೆಯನ್ನು ಒಂದು ಬದಿಗೆ ಸರಿಸಿ, ಮೇಲೆ ನೋಡಿ, "ಬೀಗರ, ನನ್ನ ಫೋಟೋ ಗ್ವಾಡಿಗೆ ತೂಗ ಹಾಕಾಕ ಅಷ್ಟ ಅವಸರ ಇತ್ತೇನ್ರಿ?" ಎಂದಳು.

ಯಾರೂ ನಗಲಿಲ್ಲ. ಸಾಹೇಬರು ಗೋಡೆಯುದ್ದಕ್ಕೂ ನಡೆದು ಬಂದರು. ಗಂಟು ಹಾಕಿದ್ದನ್ನು ಅವರು ನೋಡಿರಲಿಲ್ಲ. ಹೊಸ ಹಗ್ಗ, ಗೂಟಕ್ಕೆ ಸಿಕ್ಕಿಕೊಂಡಿತೇನೋ ಎಂದು ಕೇಳಿದರು. ಹೌದು ಎಂದುಬಿಟ್ಟರೆ ಅಷ್ಟಕ್ಕೇ ಮುಗಿಯುತ್ತಿತ್ತು. ಮಗಳ ಮೇಲೆ ಮಾತು ಬರುತ್ತಿರಲಿಲ್ಲ. ತಪ್ಪು ತನ್ನದೆಂದು ಹೇಳಲು ಬಾಳಕೃಷ್ಣ ನಾಲಗೆ ಹೊರಳಿಸುವಷ್ಟರಲ್ಲಿ ಮುಕ್ತಾ ಮಾತಾಡಿದ್ದಳು.

"ಸಿಕ್ಕಿದ್ದಿಲ್ರಿ ಸಾಹೇಬ್ರ, ಕಟ್ಟಿತ್ತು. ಹಗ್ಗ ಕೊಟ್ಟಾಕಿ ನಾನು. ಕಿಂಡಿ ಎತ್ತಿದ ಮ್ಯಾಲೆ ಹಿಂದಿನ ಹಗ್ಗ ನೋಡಬೇಕಾಗಿತ್ತು, ನೋಡಲಿಲ್ಲ."

"ನಿಮ್ಮ ತಂದಿಯವರಲ್ಲೇನ್ರಿ ಇವರು?"

"ಹೌದ್ರಿ. ಅದಕ್ಕ ನೋಡಲಿಲ್ಲ. ಅಪ್ಪ ಹಿಡದಾನ ಅಂದ್ರ ಆತು ಅಂತ ಬಿಟ್ಟೆ."

ಅವಳು ಅಳಲಿಲ್ಲ, ತಲೆ ತಗ್ಗಿಸಲೂ ಇಲ್ಲ. ನಲವತ್ತು ವರ್ಷ ಮಗ್ಗದ ಮುಂದೆ ನಿಂತವನು ಬಾಳಕೃಷ್ಣ. ಬಟ್ಟೆಯಲ್ಲಿ ದೋಷ ಬಂದರೆ ನೂಲಿನ ಮೇಲೆ, ಕರೆಂಟಿನ ಮೇಲೆ, ಪಕ್ಕದ ಮಗ್ಗದವನ ಮೇಲೆ ಹಾಕುವುದನ್ನು ದಿನಾಲೂ ಕಂಡವನು, ಒಂದೆರಡು ಸಲ ತಾನೂ ಹಾಕಿದವನು. ಬಿಸಿಲಿಗೆ ಮುಖ ಕೊಟ್ಟು ನಿಂತ ಮಗಳನ್ನು ನೋಡಿ ಅವನಿಗೆ ನಾಚಿಕೆಯ ನಡುವೆಯೇ ಎದೆ ತುಂಬಿ ಬಂತು. ಈ ಮಾತನ್ನು ಇವಳಿಗೆ ತಾನು ಕಲಿಸಿದ್ದಲ್ಲ. ಯಾವ ಶಾಲೆಯಲ್ಲಿ ಕಲಿತಳು?

ನಾಳೆ ಜನ ಕೂತಾಗಲೂ ಯಾರೋ ಒಬ್ಬ ಉಪಕಾರಿ ಹಗ್ಗ ಹಿಡಿಯಲು ಬಂದೇ ಬರುತ್ತಾನೆ, ಆಗ ಏನು ಮಾಡುವಿರಿ ಎಂದು ಸಾಹೇಬರು ಕೇಳಿದರು. ಹೊಸಬರ ಕೈಗೆ ತುಂಬಿದ ದೋಣಿಯ ಹಗ್ಗ ಕೊಡುವುದಿಲ್ಲ, ಮೊದಲು ಖಾಲಿ ದೋಣಿಯಲ್ಲಿ ಇಳಿಸಿ ನೋಡುತ್ತೇನೆ ಎಂದಳು ಮುಕ್ತಾ. ಕಿಂಡಿಯನ್ನು ಒಂದೇ ಸಲಕ್ಕೆ ಎತ್ತುವುದಿಲ್ಲ; ಗೇಣು ನೀರು ಇಳಿದೊಡನೆ ನಿಲ್ಲಿಸಿ, ಎರಡೂ ಹಗ್ಗಗಳನ್ನು ನೋಡಿ, ಆಮೇಲೆ ಮುಂದಿನ ಗೇಣು. ಸಾಹೇಬರು ಕೈಗಡಿಯಾರ ನೋಡಿದರು. ಇನ್ನೂ ಹೊತ್ತಿದೆ, ಹೇಳಿದ್ದನ್ನು ಈಗಲೇ ಮಾಡಿ ತೋರಿಸಿರಿ ಎಂದರು.

ಹಿಂದಿನ ಹಗ್ಗ ಯಾರಿಗೆ? ತೊಟ್ಟಿ ಮತ್ತೆ ತುಂಬಿ ದೋಣಿ ಮೇಲೆ ಬಂದೊಡನೆ ಗಂಗೂಬಾಯಿ ಎದ್ದು ಗೋಡೆ ಹತ್ತಿದ್ದಳು. ಎಮ್ಮೆಗಳನ್ನು ಹೊಳೆಗೆ ಇಳಿಸಿ ಮೈ ತೊಳೆದು ಮುದುಕಿಯಾದವಳು ತಾನು. ಎಮ್ಮೆ ಮಡುವಿಗೆ ಇಳಿಯುವಾಗ ಹಗ್ಗ ಬಿಗಿ ಹಿಡಿದರೆ ತಾನೂ ಮಡುವಿಗೇ, ಸಡಿಲ ಬಿಟ್ಟರೆ ಎಮ್ಮೆ ಆಚೆ ದಂಡೆಗೆ ಎಂದು ವಾದಿಸಿದಳು. ಮುಕ್ತಾ ಅತ್ತೆಯೆಂದು ಸುಮ್ಮನೆ ಒಪ್ಪಲಿಲ್ಲ. ಜನರಿಲ್ಲದ ದೋಣಿಯನ್ನು ಒಮ್ಮೆ ಇಳಿಸಿ, ಮತ್ತೆ ಏರಿಸಿ, ಮುದುಕಿಯ ಕೈಯನ್ನು ಪರೀಕ್ಷಿಸಿಯೇ ತಲೆಯಾಡಿಸಿದಳು. ಗಂಗೂಬಾಯಿ ಸೊಸೆಯ ಮುಂದೆ ಪರೀಕ್ಷೆಗೆ ನಿಂತ ಆ ನೋಟ ನೋಡಲು ದಂಡೆಗೆ ಅರ್ಧ ಊರೇ ಬಂತು.

ಆಮೇಲೆ ಮುಕ್ತಾ ಅಪ್ಪನ ಹತ್ತಿರ ಬಂದಳು. ಅವನು ದೂರದ ಕಲ್ಲಿನ ಮೇಲೆ ಕೂತಿದ್ದ.

"ಅತ್ತಿ ಕೂತ ಜಾಗಾದಾಗ ನೀ ಕೂಡು. ಜಾಕೀಟ ಹಾಕ್ಕೋ."

ಬಾಳಕೃಷ್ಣನಿಗೆ ನೀರೆಂದರೆ ಮೊದಲಿನಿಂದಲೂ ಅಂಜಿಕೆ. ಅದು ಅವಳಿಗೂ ಗೊತ್ತು. ಜಾಕೀಟಿನ ಪಟ್ಟಿ ಬಿಗಿಯಲು ಅವನ ಕೈ ಹೋಯಿತು, ನಿಂತಿತು. ಅವಳು ತಾನೇ ಬಿಗಿದು, ಜಗ್ಗಿ ನೋಡಿ, ಅವನನ್ನು ಉಸುಕಿನ ಚೀಲಗಳ ನಡುವೆ ಕೂಡಿಸಿದಳು.

ಕಿಂಡಿ ಎದ್ದಿತು. ಗೇಣು ನೀರು ಇಳಿಯಿತು, ನಿಂತಿತು. ಮುಂದಿನ ಹಗ್ಗ, ಹಿಂದಿನ ಹಗ್ಗ. ಮತ್ತೆ ಗೇಣು. ಗೋಡೆಗಳು ಎರಡೂ ಕಡೆ ಬೆಳೆಯತೊಡಗಿದವು. ಹಸಿ ಕಾಂಕ್ರೀಟಿನ ತಂಪು ಮುಖಕ್ಕೆ ಬಂತು. ದಂಡೆಯ ಜನ, ಸಾಹೇಬರ ಪ್ಯಾಂಟು, ಬೀಗತಿಯ ನೆರಿಗೆ, ಒಂದೊಂದೇ ಕಣ್ಣಿಂದ ಮರೆಯಾದವು. ಮೇಲೆ ಆಕಾಶದ ಒಂದು ಪಟ್ಟಿ ಉಳಿಯಿತು, ಅದರ ತುದಿಯಲ್ಲಿ ಚಕ್ರ ಹಿಡಿದ ಮುಕ್ತಾ. ಅವನು ಇಳಿದಷ್ಟೂ ಅವಳು ಎತ್ತರವಾಗುತ್ತಿದ್ದಳು.

ದೋಣಿ ಕೆಳಗಿನ ನೀರಿಗೆ ಸಮವಾಗಿ ನಿಂತಿತು. ಗೋಡೆಯ ಮೇಲಿಂದ ಅತಿಶಯ ಸಾಹೇಬರ ದನಿ ಕೇಳಿಸಿತು, ಭಾನುವಾರದಿಂದ ಚಾಲೂ ಮಾಡ್ರಿ ಎಂದು. ಹೆಂಗಸರು ಚಪ್ಪಾಳೆ ತಟ್ಟಿದರು, ಯಾರೋ ಮುಕ್ತಾಳ ಹೆಸರು ಹಿಡಿದು ಕೂಗಿದರು. ಬಾಳಕೃಷ್ಣನಿಗೂ ಕೂಗಬೇಕೆನಿಸಿತು. ಆದರೆ ಕದ ಇನ್ನೂ ತೆರೆದಿರಲಿಲ್ಲ. ಮುಕ್ತಾ ಆ ಗದ್ದಲದ ನಡುವೆಯೂ ಒಮ್ಮೆ ಮುಂದಿನ ಹಗ್ಗವನ್ನು, ಒಮ್ಮೆ ಹಿಂದಿನ ಹಗ್ಗವನ್ನು ನೋಡುತ್ತಿದ್ದಳು. ಕೆಳಗೆ ಕೂತ ಅಪ್ಪನ ಕಡೆ ಒಂದು ಸಲವೂ ನೋಡಲಿಲ್ಲ. ಅವನು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಹಾಗೆಯೇ ಇರಲಿ, ನೋಡದೇ ಇರಲಿ ಎಂದುಕೊಳ್ಳುತ್ತ, ಅವಳ ಗಮನ ಕದಲದಂತೆ ಸದ್ದಿಲ್ಲದೆ ಕೂತ.